ಇನಿಟ್ ಇಲ್ಲದ ಕಂಟೇನರಿನಲ್ಲಿ ಪ್ಯಾಕೇಜುಗಳು: ಪಠ್ಯ ಮತ್ತು ಸಂದರ್ಭದ ದೃಷ್ಟಿಯಿಂದ ಒಂದು ವಿವೇಚನೆ

1. ಪೀಠಿಕೆ

ಜಾನಪದ ಅಧ್ಯಯನದಲ್ಲಿ ಸಂಗ್ರಹ, ವಿಶ್ಲೇಷಣೆ ಮತ್ತು ಸಂರಕ್ಷಣೆ ಎಂಬ ಮೂರು ಘಟ್ಟಗಳನ್ನು ಗುರುತಿಸುವುದು ವಾಡಿಕೆ. ಮೊದಲೆರಡರ ಬಗೆಗೆ ಕನ್ನಡದಲ್ಲಿ ವಿಪುಲವಾದ ಚರ್ಚೆ ನಡೆದಿದೆ. ಸಂರಕ್ಷಣೆಯನ್ನು ಮಾತ್ರ ಬಹುಕಾಲ ಕಪಾಟು, ಕೋಣೆ ಮತ್ತು ಕಾವಲಿನ ಪ್ರಶ್ನೆಯೆಂದೇ ತಿಳಿಯಲಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, 2011ರಲ್ಲಿ ಸ್ಥಾಪನೆಗೊಂಡ ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಮೊದಲಾದವು ಈ ಕಾರ್ಯದ ಮುಖ್ಯ ನೆಲೆಗಳು. ಧ್ವನಿಸುರುಳಿಗಳ ಕಾಲದಲ್ಲಿಯೇ ಒಂದು ಸಂಗತಿ ಸ್ಪಷ್ಟವಾಗಿತ್ತು: ಸುರುಳಿ ಕೆಡದೆ ಉಳಿದರೂ ಅದನ್ನು ನುಡಿಸುವ ಯಂತ್ರ ಇಲ್ಲವಾದರೆ ಹಾಡು ಇದ್ದೂ ಇಲ್ಲದಂತೆ.

ಇಂದು ಆ ಯಂತ್ರದ ಸ್ಥಾನವನ್ನು ತಂತ್ರಾಂಶ ಪಡೆದಿದೆ. ಗ್ರಂಥಸೂಚಿ, ಸ್ಕ್ಯಾನ್ ಮಾಡಿದ ಪುಟಗಳು, ಧ್ವನಿ ಮತ್ತು ದೃಶ್ಯ ಕಡತಗಳು ಇವೆಲ್ಲವನ್ನೂ ಓದಗೊಡಿಸುವುದು ಗಣಕದ ಮೇಲೆ ನಡೆಯುವ ಹಲವು ಸೇವೆಗಳು. ಇತ್ತೀಚಿನ ವರ್ಷಗಳಲ್ಲಿ ಈ ಸೇವೆಗಳನ್ನು 'ಕಂಟೇನರ್' ಎಂಬ ಆವರಣದೊಳಗಿಟ್ಟು ಒಂದು ಗಣಕದಿಂದ ಮತ್ತೊಂದಕ್ಕೆ ಸಾಗಿಸುವ ಕ್ರಮ ವ್ಯಾಪಕವಾಗಿದೆ. ಇದರಿಂದ ಸಣ್ಣ ಗ್ರಂಥಾಲಯಗಳಿಗೂ ಅನುಕೂಲವಾಗಿದೆ ಎಂಬುದು ನಿಜ. ಆದರೆ ಕಂಟೇನರಿನೊಳಗೆ ಸಾಮಾನ್ಯವಾಗಿ 'ಇನಿಟ್' ಎಂಬ ಮೂಲ ವ್ಯವಸ್ಥೆ ಇರುವುದಿಲ್ಲ. ಅದರೊಳಗೆ ತಂದಿಡುವ ಪ್ಯಾಕೇಜುಗಳಾದರೋ ಇನಿಟ್ ಇದ್ದೇ ಇರುತ್ತದೆಂಬ ನಂಬಿಕೆಯಿಂದ ಸಿದ್ಧಗೊಂಡಿರುತ್ತವೆ. ಈ ವ್ಯತ್ಯಾಸದಿಂದ ಉಂಟಾಗುವ ಪರಿಣಾಮಗಳನ್ನೂ ಅವುಗಳ ಪರಿಹಾರವನ್ನೂ ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

ಜಾನಪದ ವಿದ್ವಾಂಸರಿಗೆ ಈ ಸಮಸ್ಯೆಯ ಸ್ವರೂಪ ಅಪರಿಚಿತವಲ್ಲ. ಅಮೆರಿಕದ ವಿದ್ವಾಂಸ ಅಲನ್ ಡಂಡಸ್ 1964ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಜಾನಪದ ಸಾಮಗ್ರಿಯನ್ನು ಹೆಣಿಗೆ, ಪಠ್ಯ ಮತ್ತು ಸಂದರ್ಭ ಎಂಬ ಮೂರು ನೆಲೆಗಳಲ್ಲಿ ನೋಡಬೇಕೆಂದು ವಾದಿಸಿದ್ದನು. ಸಂದರ್ಭದಿಂದ ಬಿಡಿಸಿ ತಂದ ಪಠ್ಯ ಅಪೂರ್ಣವಾದುದೆಂಬ ತಿಳಿವಳಿಕೆ ಅಲ್ಲಿಂದ ಮುಂದೆ ಕ್ಷೇತ್ರಕಾರ್ಯದ ಮೂಲ ತತ್ತ್ವವಾಯಿತು. ಪ್ಯಾಕೇಜನ್ನು ಪಠ್ಯವೆಂದೂ ಇನಿಟ್ ವ್ಯವಸ್ಥೆಯನ್ನು ಅದರ ಸಂದರ್ಭವೆಂದೂ ಗ್ರಹಿಸಿದಾಗ ವಿಷಯ ತಿಳಿಯಾಗುತ್ತದೆ.

2. ಮೊದಲ ಪೂಜೆಯ ಎರಡು ರೂಪಗಳು

ಇನಿಟ್‌ನ ಕಾರ್ಯವನ್ನು ವಿವರಿಸುವ ಮೊದಲು, 'ಮೊದಲನೆಯದು' ಎಂಬ ಕಲ್ಪನೆ ಜನಪದರಲ್ಲಿ ಹೇಗೆ ರೂಪುಗೊಂಡಿದೆ ಎಂಬುದನ್ನು ಗಮನಿಸುವುದು ಉಪಯುಕ್ತ. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಕುರುಡುಮಲೆ ಇದಕ್ಕೆ ಪ್ರಸಿದ್ಧ ನಿದರ್ಶನ. ಇಲ್ಲಿನ ಏಕಶಿಲಾ ಗಣಪತಿಯ ಎತ್ತರ ಹದಿಮೂರೂವರೆ ಅಡಿ. ತ್ರಿಪುರಾಸುರರ ಸಂಹಾರಕ್ಕೆ ಹೊರಡುವ ಮುನ್ನ ಬ್ರಹ್ಮ, ವಿಷ್ಣು, ಮಹೇಶ್ವರರು ಕೂಡಿ ಈ ಮೂರ್ತಿಯನ್ನು ಸ್ಥಾಪಿಸಿದರೆಂದೂ, ಅವರು ಕೂಡಿದ ಮಲೆಯಾದ್ದರಿಂದ 'ಕೂಡುಮಲೆ' ಎಂಬ ಹೆಸರು ಬಂದಿತೆಂದೂ ಐತಿಹ್ಯ ಹೇಳುತ್ತದೆ. ಯಾವ ಕಾರ್ಯವೂ ಇಲ್ಲಿಂದ ಆರಂಭವಾದರೆ ನಿರ್ವಿಘ್ನವಾಗುತ್ತದೆಂಬ ನಂಬಿಕೆ ಇಂದಿಗೂ ಜೀವಂತವಾಗಿದೆ. 1999ರ ಚುನಾವಣೆಗೆ ಮುನ್ನ ಎಸ್.ಎಂ. ಕೃಷ್ಣ ಅವರು ತಮ್ಮ ಪಾಂಚಜನ್ಯ ಯಾತ್ರೆಯನ್ನು ಕುರುಡುಮಲೆಯಿಂದ ಹೊರಡಿಸಿದ ಮೇಲೆ ರಾಜಕೀಯ ಪಕ್ಷಗಳಲ್ಲಿಯೂ ಈ ರೂಢಿ ಬಲಗೊಂಡಿತು.

ಆದರೆ ಪ್ರತಿಯೊಂದು ಮನೆಯವರೂ ಪ್ರತಿಯೊಂದು ಕಾರ್ಯಕ್ಕೂ ಕುರುಡುಮಲೆಗೆ ಹೋಗುವುದಿಲ್ಲ. ಕಣದಲ್ಲಿ ರಾಶಿ ಪೂಜೆ ಮಾಡುವಾಗ, ಮದುವೆಯ ಚಪ್ಪರ ಹಾಕುವಾಗ, ಹೊಸ ಒಲೆ ಹೂಡುವಾಗ ಒಂದು ಹಿಡಿ ಸಗಣಿಯನ್ನೋ ಅರಿಸಿನವನ್ನೋ ಮುದ್ದೆ ಮಾಡಿ, ಅದರ ನೆತ್ತಿಗೆ ಗರಿಕೆ ಸಿಕ್ಕಿಸಿ 'ಬೆನಕ' ಎಂದೋ 'ಪಿಳ್ಳಾರಿ' ಎಂದೋ ಕರೆದು ಇಡುತ್ತಾರೆ. ಆ ಕಾರ್ಯ ಮುಗಿಯುವವರೆಗೆ ಅದೇ ಮೊದಲ ದೈವ. ಮುಗಿದ ಮೇಲೆ ಅದನ್ನು ನೀರಿಗೋ ಗಿಡದ ಬುಡಕ್ಕೋ ಬಿಡಲಾಗುತ್ತದೆ. ಶಿಲಾಮೂರ್ತಿಗೆ ಗುಡಿ, ಪರಿವಾರ, ನಿತ್ಯಸೇವೆ, ಉತ್ಸವಗಳೆಲ್ಲ ಬೇಕು. ಬೆನಕನಿಗೆ ಇವಾವುವೂ ಬೇಡ. ಹಾಗಿದ್ದೂ ಮೊದಲಿನವನ ಸ್ಥಾನ ಖಾಲಿ ಉಳಿಯುವುದಿಲ್ಲ. ಸ್ಥಾನ ಒಂದೇ, ಅದನ್ನು ತುಂಬುವ ರೂಪ ಕಾರ್ಯದ ಅಳತೆಗೆ ತಕ್ಕಂತೆ ಹಿರಿದು ಅಥವಾ ಕಿರಿದು ಎಂಬ ಈ ವಿವೇಕ ಮುಂದಿನ ವಿವೇಚನೆಗೆ ನೆರವಾಗುತ್ತದೆ. ಪೂಜೆಯ ಫಲ ನಂಬಿಕೆಗೆ ಸೇರಿದ್ದು, ಇನಿಟ್‌ನ ಫಲ ಪರೀಕ್ಷೆಗೆ ಒಳಪಡುವಂಥದು ಎಂಬ ಅಂತರವನ್ನು ಮಾತ್ರ ಮರೆಯಬಾರದು.

3. ಇನಿಟ್ ವ್ಯವಸ್ಥೆಯ ಸ್ವರೂಪ

ಯೂನಿಕ್ಸ್ ಪರಂಪರೆಯ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಗಣಕ ಚಾಲನೆಗೊಂಡಾಗ ಕರ್ನಲ್ ಎಂಬ ತಿರುಳು ಮೊತ್ತಮೊದಲು ಒಂದು ಪ್ರಕ್ರಿಯೆಯನ್ನು ಆರಂಭಿಸುತ್ತದೆ. ಅದರ ಸಂಖ್ಯೆ 1. ಅದೇ ಇನಿಟ್. ಬಳಕೆದಾರರಿಗೆ ಸಂಬಂಧಿಸಿದ ಇತರ ಪ್ರಕ್ರಿಯೆಗಳೆಲ್ಲವೂ ಅದರ ಮಕ್ಕಳು, ಮೊಮ್ಮಕ್ಕಳು. ಅದರ ಕೆಲಸಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು: ಸೇವೆಗಳನ್ನು ಸರಿಯಾದ ಅನುಕ್ರಮದಲ್ಲಿ ಆರಂಭಿಸುವುದು, ಬಿದ್ದ ಸೇವೆಯನ್ನು ಎಬ್ಬಿಸುವುದು, ತಬ್ಬಲಿಯಾದ ಪ್ರಕ್ರಿಯೆಗಳನ್ನು ದತ್ತು ಪಡೆಯುವುದು, ಸತ್ತ ಪ್ರಕ್ರಿಯೆಗಳ ದಾಖಲೆಯನ್ನು ತೆರವು ಮಾಡುವುದು, ಗಣಕ ಮುಚ್ಚುವಾಗ ಎಲ್ಲರಿಗೂ ಸೂಚನೆ ಕೊಟ್ಟು ಕ್ರಮವಾಗಿ ಕೆಲಸ ಮುಗಿಸಗೊಡುವುದು.

ದೀರ್ಘಕಾಲ ಬಳಕೆಯಲ್ಲಿದ್ದುದು ಸಿಸ್ಟಂ ಫೈವ್ ಮಾದರಿಯ ಇನಿಟ್. ಅದರಲ್ಲಿ ಪ್ರತಿಯೊಂದು ಸೇವೆಗೂ ಒಂದೊಂದು ಪುಟ್ಟ ಲಿಪಿ ಇರುತ್ತಿತ್ತು. ಅದನ್ನು ಕೈಯಿಂದಲೂ ನಡೆಸಬಹುದಾಗಿತ್ತು. 2006ರಲ್ಲಿ ಉಬುಂಟು 'ಅಪ್‌ಸ್ಟಾರ್ಟ್' ಎಂಬ ಬೇರೊಂದು ವ್ಯವಸ್ಥೆಯನ್ನು ತಂದಿತು. 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ಅವರು 'ಸಿಸ್ಟಮ್‌ಡಿ'ಯನ್ನು ಪ್ರಕಟಿಸಿದರು. 2011ರಲ್ಲಿ ಫೆಡೋರಾ, 2014ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7, 2015ರಲ್ಲಿ ಡೆಬಿಯನ್ 8 ಇದನ್ನು ಮೂಲ ವ್ಯವಸ್ಥೆಯಾಗಿ ಅಂಗೀಕರಿಸಿದವು. ಡೆಬಿಯನ್ ಬಳಗದಲ್ಲಿ ಈ ಕುರಿತು ತೀವ್ರ ವಾಗ್ವಾದ ನಡೆದು, ಒಪ್ಪದವರು 'ಡೆವುವಾನ್' ಎಂಬ ಬೇರೆ ಕವಲನ್ನೇ ಕಟ್ಟಿಕೊಂಡರು. 2019ರ ಡಿಸೆಂಬರಿನಲ್ಲಿ ಡೆಬಿಯನ್ ಸದಸ್ಯರು ಮತ್ತೆ ಮತದಾನ ನಡೆಸಿ, ಸಿಸ್ಟಮ್‌ಡಿಗೆ ಒತ್ತು ಕೊಟ್ಟು ಪರ್ಯಾಯಗಳ ಅನ್ವೇಷಣೆಗೂ ಅವಕಾಶವಿಡುವ ನಿಲುವನ್ನು ಆರಿಸಿಕೊಂಡರು. ಇದರ ಫಲವಾಗಿ ಹಳೆಯ ಮಾದರಿಯ ಲಿಪಿಗಳನ್ನು ಒಳಗೊಳ್ಳದೆ ಸಿಸ್ಟಮ್‌ಡಿಯ ಘಟಕ ಕಡತಗಳನ್ನಷ್ಟೇ ತರುವ ಪ್ಯಾಕೇಜುಗಳು ಬಂದವು. ಮೊದಲು ಕಂಟೇನರಿನೊಳಗೆ ಹಳೆಯ ಲಿಪಿಯನ್ನು ಕೈಯಿಂದ ನಡೆಸಿ ಹೇಗೋ ಸೇವೆಯನ್ನು ಆರಂಭಿಸುತ್ತಿದ್ದವರಿಗೆ ಅಂತಹ ಪ್ಯಾಕೇಜುಗಳ ಮಟ್ಟಿಗೆ ಆ ದಾರಿ ಮುಚ್ಚಿದೆ.

4. ಕಂಟೇನರ್: ಗುಡಿಯಿಲ್ಲದ ಆವರಣ

ಒಂದು ಪ್ರಕ್ರಿಯೆಗೆ ಕಾಣುವ ಲೋಕವನ್ನು ಮಿತಿಗೊಳಿಸುವ ಆಲೋಚನೆ ಹಳೆಯದು. 1979ರ ಏಳನೆಯ ಆವೃತ್ತಿಯ ಯೂನಿಕ್ಸ್‌ನಲ್ಲಿಯೇ ಕಡತ ವ್ಯವಸ್ಥೆಯ ಬೇರನ್ನು ಬದಲಿಸುವ 'ಸಿಎಚ್‌ರೂಟ್' ಇತ್ತು. 2000ದಲ್ಲಿ ಫ್ರೀಬಿಎಸ್‌ಡಿ 'ಜೈಲ್' ಎಂಬ ಬಲವಾದ ಆವರಣವನ್ನು ಒದಗಿಸಿತು. ಲಿನಕ್ಸ್ ಕರ್ನಲ್‌ನಲ್ಲಿ 'ನೇಮ್‌ಸ್ಪೇಸ್' ಎಂಬ ಪ್ರತ್ಯೇಕಿಸುವ ಸೌಲಭ್ಯಗಳು 2002ರಿಂದ ಒಂದೊಂದಾಗಿ ಸೇರಿದವು. 2008ರಲ್ಲಿ ಬಂದ 2.6.24 ಆವೃತ್ತಿಯಲ್ಲಿ ಪ್ರಕ್ರಿಯೆ ಸಂಖ್ಯೆಗಳ ನೇಮ್‌ಸ್ಪೇಸೂ, ಸಂಪನ್ಮೂಲಗಳನ್ನು ಅಳೆದುಕೊಡುವ 'ಸಿಗ್ರೂಪ್' ಸೌಲಭ್ಯವೂ ದೊರೆತವು. ಇವೆಲ್ಲವನ್ನೂ ಒಗ್ಗೂಡಿಸಿ 2013ರಲ್ಲಿ ಪ್ರಕಟವಾದ 'ಡಾಕರ್', ಕಂಟೇನರನ್ನು ಜನಬಳಕೆಗೆ ತಂದಿತು. ರೆಡ್ ಹ್ಯಾಟ್‌ನಲ್ಲಿ ರೂಪುಗೊಂಡ 'ಪಾಡ್‌ಮ್ಯಾನ್' ಅದೇ ಕಾರ್ಯವನ್ನು ಬೇರೊಂದು ಬಗೆಯಲ್ಲಿ ಮಾಡುತ್ತದೆ.

ಕಂಟೇನರಿನೊಳಗೆ ಪ್ರತ್ಯೇಕ ಕರ್ನಲ್ ಇಲ್ಲ. ಆಶ್ರಯ ನೀಡಿದ ಗಣಕದ ಕರ್ನಲ್ಲೇ ಅದಕ್ಕೂ ಕರ್ನಲ್. ಗಣಕವನ್ನು ಆರಂಭದಿಂದ ಎಬ್ಬಿಸುವ ಕ್ರಿಯೆಯೇ ಅಲ್ಲಿ ನಡೆಯುವುದಿಲ್ಲವಾದ್ದರಿಂದ ಇನಿಟ್ ಬೇಡವೆಂದು ಭಾವಿಸಲಾಯಿತು. ಒಂದು ಕಂಟೇನರಿನಲ್ಲಿ ಒಂದೇ ಸೇವೆ ಇರಬೇಕೆಂಬುದು ಡಾಕರ್ ಪರಂಪರೆಯ ಸಲಹೆ. ಆ ಸೇವೆಯನ್ನೇ ನೇರವಾಗಿ ಆರಂಭಿಸಿದಾಗ, ನೇಮ್‌ಸ್ಪೇಸಿನ ನಿಯಮದಂತೆ ಅದರ ಸಂಖ್ಯೆ ಒಳಗಿನಿಂದ ನೋಡಿದರೆ 1 ಆಗಿರುತ್ತದೆ. ಎಂದರೆ, ದತ್ತಸಂಚಯವೋ ಜಾಲತಾಣದ ಸೇವೆಯೋ ತಾನು ಕೇಳದೆಯೇ ಮೊದಲಿನವನ ಪೀಠವನ್ನು ಏರಿರುತ್ತದೆ. ಆ ಪೀಠಕ್ಕೆ ಅಂಟಿಕೊಂಡ ಹೊಣೆಗಳು ಅದಕ್ಕೆ ತಿಳಿದಿರಬೇಕೆಂದೇನೂ ಇಲ್ಲ.

5. ಪ್ಯಾಕೇಜು ನಿರೀಕ್ಷಿಸುವ ಸಂದರ್ಭ

ಡೆಬಿಯನ್ ಮಾದರಿಯ ಪ್ಯಾಕೇಜಿನಲ್ಲಿ ಕಡತಗಳ ಜೊತೆಗೆ, ಸ್ಥಾಪನೆಯ ಮುನ್ನ ಮತ್ತು ಅನಂತರ, ತೆಗೆದುಹಾಕುವ ಮುನ್ನ ಮತ್ತು ಅನಂತರ ನಡೆಯಬೇಕಾದ ನಾಲ್ಕು ಬಗೆಯ ಲಿಪಿಗಳಿರಬಹುದು. ಇವು ಒಂದು ರೀತಿಯಲ್ಲಿ ಪ್ಯಾಕೇಜಿನ ವಿಧಿಗಳು. ಸೇವೆಯೊಂದನ್ನು ಒಳಗೊಂಡ ಪ್ಯಾಕೇಜಿನ ಸ್ಥಾಪನಾನಂತರದ ಲಿಪಿ ಸಾಮಾನ್ಯವಾಗಿ ಆ ಸೇವೆಯನ್ನು ಆರಂಭಿಸಲು ಇನಿಟ್‌ಗೆ ಕೋರಿಕೆ ಸಲ್ಲಿಸುತ್ತದೆ. ಇನಿಟ್ ಇಲ್ಲದ ಕಡೆ ಈ ಕೋರಿಕೆ ಏನಾಗುತ್ತದೆ ಎಂಬುದು ಮೊದಲ ಪ್ರಶ್ನೆ.

ಡೆಬಿಯನ್‌ನಲ್ಲಿ ಈ ಕೋರಿಕೆ ನೇರವಾಗಿ ಹೋಗದೆ 'ಇನ್‌ವೋಕ್-ಆರ್‌ಸಿ.ಡಿ' ಎಂಬ ಮಧ್ಯವರ್ತಿಯ ಮೂಲಕ ಹೋಗುವ ಕ್ರಮವಿದೆ. ಅದು 'ಪಾಲಿಸಿ-ಆರ್‌ಸಿ.ಡಿ' ಎಂಬ ಕಡತವಿದ್ದರೆ ಅದರ ಅಪ್ಪಣೆ ಕೇಳುತ್ತದೆ. ಆ ಕಡತ 101 ಎಂಬ ಸಂಖ್ಯೆಯನ್ನು ಹಿಂತಿರುಗಿಸಿದರೆ 'ಈ ಕಾರ್ಯಕ್ಕೆ ಅನುಮತಿಯಿಲ್ಲ' ಎಂದರ್ಥ. ಡಾಕರ್‌ಗಾಗಿ ಸಿದ್ಧಪಡಿಸಿದ ಡೆಬಿಯನ್ ಮೂಲ ಬಿಂಬದಲ್ಲಿ ಸದಾ 101 ಎಂದೇ ಉತ್ತರಿಸುವ ಇಂತಹ ಕಡತವನ್ನು ಇಡಲಾಗಿದೆ. ಹೀಗಾಗಿ ಸ್ಥಾಪನೆ ನಿರಾತಂಕವಾಗಿ ಮುಗಿಯುತ್ತದೆ, ಸೇವೆ ಆರಂಭವಾಗುವುದಿಲ್ಲ. ಇದು ದೋಷವಲ್ಲ, ಉದ್ದೇಶಪೂರ್ವಕ ಏರ್ಪಾಡು. ಬಿಂಬವನ್ನು ಕಟ್ಟುವ ಹೊತ್ತಿನಲ್ಲಿ ಸೇವೆ ನಡೆಯಬೇಕಾದ ಅಗತ್ಯವಿಲ್ಲ. ಆದರೆ ಸ್ಥಾಪನೆ ಯಶಸ್ವಿಯಾಯಿತೆಂಬ ಸಂದೇಶವನ್ನು ನೋಡಿ ಸೇವೆಯೂ ನಡೆಯುತ್ತಿದೆಯೆಂದು ಭಾವಿಸುವವರಿಗೆ ಇದು ಗೊಂದಲ ಉಂಟುಮಾಡುತ್ತದೆ. ಆಮೇಲೆ ಅವರು ಸಿಸ್ಟಮ್‌ಡಿಯ ಆಜ್ಞೆಯನ್ನು ಪ್ರಯೋಗಿಸಿದರೆ, ಈ ವ್ಯವಸ್ಥೆ ಸಿಸ್ಟಮ್‌ಡಿಯಿಂದ ಎದ್ದುದಲ್ಲ ಎಂಬ ಅರ್ಥದ ನಿರಾಕರಣೆ ಸಿಗುತ್ತದೆ.

ಎರಡನೆಯ ನಿರೀಕ್ಷೆ ಕೋಶಗಳಿಗೆ ಸಂಬಂಧಿಸಿದ್ದು. ಹಲವು ಸೇವೆಗಳು '/ರನ್' ಎಂಬ ತಾತ್ಕಾಲಿಕ ನೆಲೆಯಲ್ಲಿ ತಮ್ಮದೊಂದು ಕೋಶವಿರಬೇಕೆಂದು ಬಯಸುತ್ತವೆ. ಪೂರ್ಣ ವ್ಯವಸ್ಥೆಯಲ್ಲಿ ಪ್ರತಿ ಬಾರಿ ಗಣಕ ಎದ್ದಾಗಲೂ ಸಿಸ್ಟಮ್‌ಡಿ ಘಟಕ ಕಡತವನ್ನು ಓದಿ ಆ ಕೋಶವನ್ನು ಸೃಷ್ಟಿಸಿ, ತಕ್ಕ ಬಳಕೆದಾರನಿಗೆ ಒಡೆತನ ಕೊಡುತ್ತದೆ. ಕಂಟೇನರಿನಲ್ಲಿ ಹೀಗೆ ಮಾಡುವವರಿಲ್ಲ. ದೂರದಿಂದ ಗಣಕವನ್ನು ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಸೇವೆಯನ್ನು ನೇರವಾಗಿ ಆರಂಭಿಸಿದಾಗ '/ರನ್/ಎಸ್‌ಎಸ್‌ಎಚ್‌ಡಿ' ಕೋಶವಿಲ್ಲವೆಂದು ಅದು ನಿಂತುಬಿಡುವುದು ಪ್ರಸಿದ್ಧ ಉದಾಹರಣೆ. ಪರಿಹಾರ ಒಂದೇ ಸಾಲಿನದು: ಆರಂಭಕ್ಕೆ ಮುನ್ನ ಕೋಶವನ್ನು ಸೃಷ್ಟಿಸುವುದು. ಆದರೆ ಯಾವ ಕೋಶ ಬೇಕೆಂಬುದನ್ನು ತಿಳಿಯಲು ಘಟಕ ಕಡತವನ್ನು ಮನುಷ್ಯನೇ ಕುಳಿತು ಓದಬೇಕು. ಸೇವೆ ಯಾವ ಬಳಕೆದಾರನ ಹೆಸರಿನಲ್ಲಿ ನಡೆಯಬೇಕು, ಯಾವ ಪರಿಸರ ಮೌಲ್ಯಗಳು ಬೇಕು, ಎಷ್ಟು ಕಡತಗಳನ್ನು ಏಕಕಾಲಕ್ಕೆ ತೆರೆಯಬಹುದು ಮೊದಲಾದ ವಿವರಗಳೂ ಅಲ್ಲಿಯೇ ಅಡಗಿರುತ್ತವೆ.

ಮೂರನೆಯದು ಕಾಲಬದ್ಧ ಕಾರ್ಯಗಳು. ನಿತ್ಯ ನಡೆಯಬೇಕಾದ ಕೆಲಸಗಳನ್ನು ಪ್ಯಾಕೇಜುಗಳು 'ಕ್ರಾನ್' ಎಂಬ ಸೇವೆಗೋ ಸಿಸ್ಟಮ್‌ಡಿಯ ಸಮಯಸೂಚಿಗೋ ಒಪ್ಪಿಸಿರುತ್ತವೆ. ಕಡತ ತನ್ನ ಸ್ಥಳದಲ್ಲಿ ಇರುತ್ತದೆ. ಅದನ್ನು ನೋಡಿ ಕೆಲಸ ಮಾಡಿಸುವವರು ಇರುವುದಿಲ್ಲ. ನಾಲ್ಕನೆಯದು ದಿನಚರಿಯ ಬರಹ. ಹಳೆಯ ಸೇವೆಗಳು ತಮ್ಮ ವರದಿಗಳನ್ನು 'ಸಿಸ್‌ಲಾಗ್'ಗೆ ಕಳುಹಿಸುತ್ತವೆ. ಅದನ್ನು ಸ್ವೀಕರಿಸುವವರು ಇಲ್ಲದಿದ್ದರೆ ವರದಿ ಎಲ್ಲಿಯೂ ಉಳಿಯದು. ಆದ್ದರಿಂದಲೇ ಕಂಟೇನರುಗಳಲ್ಲಿ ವರದಿಗಳನ್ನು ಸಾಮಾನ್ಯ ಹೊರಹರಿವಿಗೇ ಬರೆಯಿಸುವ ಪದ್ಧತಿ ಬೆಳೆದಿದೆ.

ಕೋಶವಿಲ್ಲದಿದ್ದರೆ ಸೇವೆ ಕೂಗಿ ಹೇಳುತ್ತದೆ. ಕಾಲಬದ್ಧ ಕಾರ್ಯ ನಡೆಯದಿದ್ದರೆ ಯಾರೂ ಹೇಳುವುದಿಲ್ಲ. ಈ ನಾಲ್ಕರಲ್ಲಿ ಹೆಚ್ಚು ಅಪಾಯಕಾರಿಯಾದುದು ಮೌನವಾಗಿ ತಪ್ಪಿಹೋಗುವ ಮೂರನೆಯದೇ ಎಂಬುದನ್ನು ಗಮನಿಸಬೇಕು.

6. ಮೊದಲ ಪ್ರಕ್ರಿಯೆಯ ಎರಡು ಹೊಣೆಗಳು

ಪ್ಯಾಕೇಜಿನ ನಿರೀಕ್ಷೆಗಳೆಲ್ಲವನ್ನೂ ಪೂರೈಸಿದ ಮೇಲೂ ಸಂಖ್ಯೆ 1ಕ್ಕೆ ಕರ್ನಲ್ ವಿಧಿಸಿರುವ ಎರಡು ಹೊಣೆಗಳು ಉಳಿಯುತ್ತವೆ.

ಒಂದು, ಸಂಜ್ಞೆಗಳನ್ನು ಸ್ವೀಕರಿಸುವುದು. ಕೆಲಸ ಮುಗಿಸುವಂತೆ ವಿನಂತಿಸುವ ಸಂಜ್ಞೆಗೆ 'ಸಿಗ್‌ಟರ್ಮ್' ಎಂದೂ, ಕೂಡಲೇ ಕೊಲ್ಲುವ ಸಂಜ್ಞೆಗೆ 'ಸಿಗ್‌ಕಿಲ್' ಎಂದೂ ಹೆಸರು. ಸಾಮಾನ್ಯ ಪ್ರಕ್ರಿಯೆ ಸಿಗ್‌ಟರ್ಮ್ ಬಗೆಗೆ ಏನನ್ನೂ ಹೇಳಿಕೊಂಡಿಲ್ಲದಿದ್ದರೆ ಕರ್ನಲ್ ಅದನ್ನು ಕೊನೆಗಾಣಿಸುತ್ತದೆ. ಸಂಖ್ಯೆ 1ಕ್ಕೆ ಮಾತ್ರ ವಿಶೇಷ ರಕ್ಷಣೆಯಿದೆ: ಅದು ತಾನಾಗಿ ಏರ್ಪಾಡು ಮಾಡಿಕೊಂಡಿರದ ಸಂಜ್ಞೆ ಅದಕ್ಕೆ ತಾಗುವುದೇ ಇಲ್ಲ. ಕಂಟೇನರನ್ನು ನಿಲ್ಲಿಸುವಂತೆ ಡಾಕರ್‌ಗೆ ಹೇಳಿದಾಗ ಅದು ಮೊದಲು ಸಿಗ್‌ಟರ್ಮ್ ಕಳುಹಿಸಿ, ಬೇರೆ ಸೂಚನೆ ಇಲ್ಲದಿದ್ದರೆ 10 ಸೆಕೆಂಡು ಕಾದು, ಅನಂತರ ಸಿಗ್‌ಕಿಲ್ ಪ್ರಯೋಗಿಸುತ್ತದೆ. ಸೇವೆಯನ್ನು ಶೆಲ್ ಲಿಪಿಯೊಂದರ ಮೂಲಕ ಆರಂಭಿಸಿದ್ದರೆ ಸಂಖ್ಯೆ 1 ಆ ಶೆಲ್ಲಿನದಾಗಿರಬಹುದು. ಶೆಲ್ ತನಗೆ ಬಂದ ಸಂಜ್ಞೆಯನ್ನು ಮಗುವಿಗೆ ದಾಟಿಸುವುದಿಲ್ಲ. ಸೇವೆಗೆ ಸುದ್ದಿಯೇ ಮುಟ್ಟದೆ 10 ಸೆಕೆಂಡುಗಳ ಬಳಿಕ ಹಠಾತ್ತನೆ ಅದರ ಅಂತ್ಯವಾಗುತ್ತದೆ. ಪ್ರೌಢವಾದ ದತ್ತಸಂಚಯಗಳು ಇಂತಹ ಆಘಾತದಿಂದ ಚೇತರಿಸಿಕೊಳ್ಳುವ ಏರ್ಪಾಡು ಹೊಂದಿರುತ್ತವೆ. ಆದರೆ ಅರ್ಧ ಬರೆದ ಧ್ವನಿಕಡತಕ್ಕೋ ಕಟ್ಟುತ್ತಿದ್ದ ಸೂಚಿಗೋ ಅಂತಹ ಭರವಸೆಯಿಲ್ಲ.

ಸಂಜ್ಞೆಯ ಅರ್ಥವೂ ಎಲ್ಲ ಸೇವೆಗಳಿಗೆ ಒಂದೇ ಅಲ್ಲ. ಪೋಸ್ಟ್‌ಗ್ರೆಸ್ ದತ್ತಸಂಚಯ ಸಿಗ್‌ಟರ್ಮ್ ಬಂದಾಗ ಈಗಾಗಲೇ ಸಂಪರ್ಕದಲ್ಲಿರುವ ಎಲ್ಲರೂ ಹೊರಡುವವರೆಗೆ ಕಾಯುತ್ತದೆ. 'ಸಿಗ್‌ಇಂಟ್' ಬಂದಾಗ ಸಂಪರ್ಕಗಳನ್ನು ಕಡಿದು ಕ್ರಮವಾಗಿ ಮುಚ್ಚಿಕೊಳ್ಳುತ್ತದೆ. ಅಪಾಚೆ ಜಾಲಸೇವೆ ನಯವಾಗಿ ನಿಲ್ಲಲು 'ಸಿಗ್‌ವಿಂಚ್' ಸಂಜ್ಞೆಯನ್ನು ಬಯಸುತ್ತದೆ. ಪೂರ್ಣ ವ್ಯವಸ್ಥೆಯಲ್ಲಿ ಈ ಭೇದಗಳನ್ನು ಪ್ಯಾಕೇಜು ಇನಿಟ್‌ಗೆ ತಿಳಿಸಿರುತ್ತದೆ. ಕಂಟೇನರಿನಲ್ಲಿ ಬಿಂಬವನ್ನು ಕಟ್ಟುವವರೇ ಇದನ್ನು ನಮೂದಿಸಬೇಕು.

ಎರಡು, ಸತ್ತವರ ಕರ್ಮ ಮಾಡುವುದು. ಮುಗಿದ ಪ್ರಕ್ರಿಯೆಯ ಹೆಸರು ಕರ್ನಲ್‌ನ ಪಟ್ಟಿಯಲ್ಲಿ ಉಳಿದಿರುತ್ತದೆ. ಅದರ ತಾಯಿ ಪ್ರಕ್ರಿಯೆ ಬಂದು ಫಲಿತಾಂಶ ವಿಚಾರಿಸಿದ ಮೇಲೆಯೇ ಅಳಿಯುತ್ತದೆ. ಅಲ್ಲಿಯವರೆಗೆ ಅದನ್ನು 'ಜೋಂಬಿ' ಎನ್ನುತ್ತಾರೆ. ಉತ್ತರಕ್ರಿಯೆ ಕಾಣದ ಜೀವ ಅಂತರಪಿಶಾಚಿಯಾಗಿ ಅಲೆಯುತ್ತದೆಂಬ ಜನಪದ ನಂಬಿಕೆಯನ್ನು ಇದು ನೆನಪಿಸುತ್ತದೆ. ತಾಯಿಯೇ ಮೊದಲು ಸತ್ತರೆ ತಬ್ಬಲಿಯಾದ ಪ್ರಕ್ರಿಯೆ ಸಾಮಾನ್ಯವಾಗಿ ಸಂಖ್ಯೆ 1ರ ಪಾಲಿಗೆ ಬರುತ್ತದೆ. ಆ ಪೀಠದಲ್ಲಿರುವ ಸೇವೆಗೆ ಈ ಕರ್ಮ ತಿಳಿಯದಿದ್ದರೆ ಜೋಂಬಿಗಳು ಕೂಡುತ್ತಾ ಹೋಗುತ್ತವೆ. ಪ್ರಕ್ರಿಯೆಗಳ ಸಂಖ್ಯೆಗೆ ಮಿತಿಯಿರುವುದರಿಂದ ಕೊನೆಗೊಂದು ದಿನ ಹೊಸ ಪ್ರಕ್ರಿಯೆ ಹುಟ್ಟಲು ಎಡೆಯಿಲ್ಲದಾಗಬಹುದು.

7. ಪರಿಹಾರದ ಬಗೆಗಳು

ಬಳಕೆಯಲ್ಲಿರುವ ಪರಿಹಾರಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

(ಅ) ಕಿರು ಇನಿಟ್: ಮೇಲೆ ಹೇಳಿದ ಎರಡು ಹೊಣೆಗಳನ್ನಷ್ಟೇ ಹೊತ್ತ ಪುಟ್ಟ ಕ್ರಮವಿಧಿಯನ್ನು ಸಂಖ್ಯೆ 1ರಲ್ಲಿಟ್ಟು, ಸೇವೆಯನ್ನು ಅದರ ಮಗುವಾಗಿ ಆರಂಭಿಸುವುದು. ತೋಮಾಸ್ ಒರೊಜ್ಕೊ ಅವರ 'ಟಿನಿ', ಯೆಲ್ಪ್ ಸಂಸ್ಥೆಯ 'ಡಮ್-ಇನಿಟ್' ಈ ಬಗೆಯವು. 2017ರ ಡಾಕರ್ 1.13 ಆವೃತ್ತಿಯಿಂದ ಕಂಟೇನರನ್ನು ಆರಂಭಿಸುವಾಗ 'ಇನಿಟ್' ಎಂಬ ಆಯ್ಕೆಯನ್ನು ಸೂಚಿಸಿದರೆ ಸಾಕು, ಟಿನಿ ತಾನಾಗಿ ಸೇರಿಕೊಳ್ಳುತ್ತದೆ. ಇದು ಕಣದ ಬೆನಕನಂತೆ: ಆ ಕಾರ್ಯದೊಡನೆ ಬಂದು ಆ ಕಾರ್ಯದೊಡನೆ ಹೋಗುತ್ತದೆ. ಬಿದ್ದ ಸೇವೆಯನ್ನು ಎಬ್ಬಿಸುವ ಹೊಣೆ ಇದರದಲ್ಲ. ಅದು ಕಂಟೇನರನ್ನು ನಡೆಸುವ ಹೊರಗಿನ ವ್ಯವಸ್ಥೆಗೆ ಸೇರಿದ್ದು.

(ಆ) ಮೇಲ್ವಿಚಾರಕ: ಬಿಡಿಸಲಾಗದಂತೆ ಹೆಣೆದುಕೊಂಡ ಹಲವು ಸೇವೆಗಳು ಒಂದೇ ಕಂಟೇನರಿನಲ್ಲಿರಬೇಕಾದಾಗ ಅವುಗಳನ್ನು ಎಬ್ಬಿಸಿ ನೋಡಿಕೊಳ್ಳುವ ಮಧ್ಯಮ ಗಾತ್ರದ ವ್ಯವಸ್ಥೆ. 'ಸೂಪರ್‌ವೈಸರ್‌ಡಿ', 'ರನ್‌ಇಟ್', 'ಎಸ್6' ಇವು ಪ್ರಚಲಿತ ಸಾಧನಗಳು. ಪ್ರತಿ ಸೇವೆಯೂ ಹಿನ್ನೆಲೆಗೆ ಸರಿಯದೆ ಮುನ್ನೆಲೆಯಲ್ಲಿಯೇ ನಡೆಯಬೇಕೆಂಬುದು ಇಲ್ಲಿನ ನಿಯಮ.

(ಇ) ಪೂರ್ಣ ಇನಿಟ್: ಕಂಟೇನರಿನೊಳಗೆ ಸಿಸ್ಟಮ್‌ಡಿಯನ್ನೇ ನಡೆಸುವುದು. ಅದಕ್ಕೆ ಬರೆಯಬಲ್ಲ '/ರನ್' ಮತ್ತು ಸಿಗ್ರೂಪ್ ನೆಲೆಗಳು ಬೇಕು. ಪಾಡ್‌ಮ್ಯಾನ್, ಆರಂಭಿಸಬೇಕಾದುದು ಸಿಸ್ಟಮ್‌ಡಿ ಎಂದು ಗುರುತಿಸಿದರೆ ಇವುಗಳನ್ನು ತಾನೇ ಅಣಿಗೊಳಿಸುತ್ತದೆ. 'ಎಲ್‌ಎಕ್ಸ್‌ಸಿ' ಮಾದರಿಯ ಕಂಟೇನರುಗಳು ಮೊದಲಿನಿಂದಲೂ ಪೂರ್ಣ ವ್ಯವಸ್ಥೆಯನ್ನು ಉದ್ದೇಶವಾಗಿಟ್ಟುಕೊಂಡವು. ಪ್ಯಾಕೇಜು ಬಯಸುವ ಸಂದರ್ಭ ಬಹುಮಟ್ಟಿಗೆ ಇಲ್ಲಿ ದೊರೆಯುತ್ತದೆ. ಗುಡಿ ಕಟ್ಟಿಸಿದ ಮೇಲೆ ನಿತ್ಯಸೇವೆಯ ಭಾರವೂ ಬರುವಂತೆ ಭದ್ರತೆ ಮತ್ತು ನಿರ್ವಹಣೆಯ ಹೊರೆ ಹೆಚ್ಚುತ್ತದೆ.

ಇವುಗಳಲ್ಲಿ ಯಾವುದು ಉತ್ತಮವೆಂಬ ಪ್ರಶ್ನೆಗಿಂತ, ತಂದಿಟ್ಟ ಪ್ಯಾಕೇಜು ಎಷ್ಟು ಸಂದರ್ಭವನ್ನು ಬಯಸುತ್ತದೆ ಎಂಬ ಪ್ರಶ್ನೆ ಮುಖ್ಯ. ಇದನ್ನು ಎರಡು ನಿದರ್ಶನಗಳಿಂದ ವಿಶದಪಡಿಸಬಹುದು.

8. ಎರಡು ನಿದರ್ಶನಗಳು

ಮೊದಲನೆಯದು ಅಕ್ಷರ ಗುರುತಿಸುವ 'ಟೆಸರಾಕ್ಟ್'. 1985ರಿಂದ 1994ರ ನಡುವೆ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯಲ್ಲಿ ರೂಪುಗೊಂಡ ಈ ತಂತ್ರಾಂಶ 2005ರಲ್ಲಿ ಮುಕ್ತವಾಯಿತು. 2018ರ ನಾಲ್ಕನೆಯ ಆವೃತ್ತಿಯಲ್ಲಿ ಅದರ ಗುರುತಿಸುವ ವಿಧಾನವೇ ಬದಲಾಯಿತು. ಡೆಬಿಯನ್‌ನಲ್ಲಿ ಕನ್ನಡದ ದತ್ತಾಂಶಕ್ಕೆ ಪ್ರತ್ಯೇಕ ಪ್ಯಾಕೇಜಿದೆ. ಕನ್ನಡದ 'ಗುಬ್ಬಿ', 'ನವಿಲು' ಅಕ್ಷರಶೈಲಿಗಳಿಗೂ ಪ್ಯಾಕೇಜುಗಳಿವೆ. ಹಳೆಯ ಜಾನಪದ ಸಂಕಲನವೊಂದರ ಸ್ಕ್ಯಾನ್ ಮಾಡಿದ ಪುಟವನ್ನು ಕೊಟ್ಟರೆ ಟೆಸರಾಕ್ಟ್ ಪಠ್ಯವನ್ನು ಬರೆದು ಮುಗಿಯುತ್ತದೆ. ಇಲ್ಲಿ ನಿರಂತರ ಸೇವೆಯಿಲ್ಲ, '/ರನ್' ಕೋಶದ ಅಪೇಕ್ಷೆಯಿಲ್ಲ, ಕಾಲಬದ್ಧ ಕಾರ್ಯವಿಲ್ಲ. ಆದ್ದರಿಂದ ಇನಿಟ್ ಇಲ್ಲದ ಕಂಟೇನರು ಇದಕ್ಕೆ ಹೇಳಿ ಮಾಡಿಸಿದಂತಿದೆ. ಬಿಂಬವನ್ನು ಕಾಯ್ದಿಟ್ಟರೆ ವರ್ಷಗಳ ನಂತರವೂ ಅದೇ ಆವೃತ್ತಿಯಿಂದ ಅದೇ ಪುಟವನ್ನು ಓದಿಸಿ ಫಲಿತಾಂಶವನ್ನು ಹೋಲಿಸಬಹುದು. ಪಾಠಪರಿಷ್ಕರಣೆಯ ದೃಷ್ಟಿಯಿಂದ ಇದು ಸಣ್ಣ ಲಾಭವಲ್ಲ.

ಎರಡನೆಯದು ಗ್ರಂಥಾಲಯ ನಿರ್ವಹಣೆಯ 'ಕೊಹಾ'. ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ದಲ್ಲಿ ಬಳಕೆಗೆ ಬಂದ ಈ ಮುಕ್ತ ತಂತ್ರಾಂಶ ಕರ್ನಾಟಕದ ಕಾಲೇಜು, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿಯೂ ಬಳಕೆಯಲ್ಲಿದೆ. ಮಾವೋರಿ ಭಾಷೆಯಲ್ಲಿ ಕೊಹಾ ಎಂದರೆ ಕಾಣಿಕೆ. ಇದನ್ನು ಡೆಬಿಯನ್ ಪ್ಯಾಕೇಜಾಗಿ ಸ್ಥಾಪಿಸುವುದು ರೂಢಿಯ ಕ್ರಮ. ಇದರ ಸ್ವಭಾವ ಟೆಸರಾಕ್ಟ್‌ಗೆ ತದ್ವಿರುದ್ಧ. ಜಾಲಸೇವೆ, ದತ್ತಸಂಚಯ, ಹುಡುಕುವ ಸೂಚಿಯ ಸೇವೆ, ತಾತ್ಕಾಲಿಕ ಸ್ಮೃತಿಯ ಸೇವೆ, ಹಿನ್ನೆಲೆಯ ಕೆಲಸಗಾರ ಪ್ರಕ್ರಿಯೆಗಳು ಇವೆಲ್ಲ ಕೂಡಿದರೆ ಮಾತ್ರ ಕೊಹಾ. ಇಷ್ಟಲ್ಲದೆ ನಿತ್ಯ ನಡೆಯಬೇಕಾದ ಹಲವು ಕಾರ್ಯಗಳನ್ನು ಪ್ಯಾಕೇಜು ಕ್ರಾನ್‌ಗೆ ಒಪ್ಪಿಸಿದೆ. ಓದುಗರಿಗೆ ಕಳುಹಿಸುವ ಸೂಚನೆಗಳು ಅವುಗಳಲ್ಲಿ ಒಂದು. ದಿನಕ್ಕೊಮ್ಮೆ ದತ್ತಸಂಚಯದ ಬ್ಯಾಕಪ್ ತೆಗೆಯುವುದು ಮತ್ತೊಂದು.

ಕೊಹಾವನ್ನು ಇನಿಟ್ ಇಲ್ಲದ ಕಂಟೇನರಿಗೆ ತಂದು, ಜಾಲಸೇವೆ ಮತ್ತು ದತ್ತಸಂಚಯಗಳನ್ನಷ್ಟೇ ಕೈಯಿಂದ ಎಬ್ಬಿಸಿದರೆ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣಬಹುದು. ಪುಸ್ತಕ ಕೊಡುವುದು, ಪಡೆಯುವುದು ಸಾಗುತ್ತದೆ. ಕ್ರಾನ್ ಇಲ್ಲದ್ದರಿಂದ ಬ್ಯಾಕಪ್ ಮಾತ್ರ ಒಂದು ದಿನವೂ ಆಗಿರುವುದಿಲ್ಲ. ಬ್ಯಾಕಪ್ ಬೇಕಾಗುವ ದಿನದವರೆಗೆ ಈ ಕೊರತೆ ಯಾರ ಗಮನಕ್ಕೂ ಬರುವುದಿಲ್ಲ. ಕ್ರಾನ್ ಒದಗಿಸಿದರೂ, ಬ್ಯಾಕಪ್ ಬೀಳುವ ಕೋಶ ಕಂಟೇನರಿನ ಒಳಗೇ ಇದ್ದರೆ, ಕಂಟೇನರನ್ನು ಅಳಿಸಿದಾಗ ಮೂಲದೊಡನೆ ನಕಲೂ ಹೋಗುತ್ತದೆ. ಬಾಯಿಮಾತಿನಲ್ಲಿದ್ದ ಸಾಮಗ್ರಿಯ ಏಕೈಕ ಸೂಚಿ ಅಂತಹ ದತ್ತಸಂಚಯದಲ್ಲಿದ್ದು, ಹಾಡಿದವರು ಈಗ ಬದುಕಿಲ್ಲದಿದ್ದರೆ ಆ ನಷ್ಟವನ್ನು ಮರುಸಂಗ್ರಹದಿಂದ ತುಂಬಲಾಗದು.

ಆದಕಾರಣ ಕೊಹಾದಂತಹ ಸಂಕೀರ್ಣ ಪ್ಯಾಕೇಜಿಗೆ ಮೇಲ್ವಿಚಾರಕನ ಬಗೆಯೋ ಪೂರ್ಣ ಇನಿಟ್‌ನ ಬಗೆಯೋ ಸೂಕ್ತ. ದತ್ತಸಂಚಯವನ್ನು ಬೇರೆ ಕಂಟೇನರಿನಲ್ಲಿಟ್ಟು, ಅದರ ಕಡತಗಳನ್ನೂ ಬ್ಯಾಕಪ್ಪನ್ನೂ ಹೊರಗಿನ ಸಂಗ್ರಹದಲ್ಲಿಡುವುದು ಎಲ್ಲ ಸಂದರ್ಭದಲ್ಲಿಯೂ ಅಗತ್ಯ. ನಿತ್ಯಕಾರ್ಯಗಳನ್ನು ಆಶ್ರಯ ನೀಡಿದ ಗಣಕದ ಸಮಯಸೂಚಿಯಿಂದಲೇ ಕಂಟೇನರಿನೊಳಗೆ ನಡೆಸುವುದೂ ಸಾಧ್ಯ.

9. ಉಪಸಂಹಾರ

ಕ್ಷೇತ್ರಕಾರ್ಯದಲ್ಲಿ ಹಾಡಿನ ಪಠ್ಯದೊಡನೆ ಹಾಡಿದವರು, ಸ್ಥಳ, ಕಾಲ, ಆಚರಣೆ, ಬಳಸಿದ ವಾದ್ಯ ಇವುಗಳನ್ನು ಬರೆದಿಡುವ ಶಿಸ್ತು ರೂಢವಾಗಿದೆ. ಅದೇ ಶಿಸ್ತು ತಂತ್ರಾಂಶದ ಸಂರಕ್ಷಣೆಗೂ ಬೇಕಾಗಿದೆ. ಕಂಟೇನರಿನ ಬಿಂಬವೊಂದನ್ನೇ ಕಾಪಿಟ್ಟರೆ ಸಾಲದು. ಸಂಖ್ಯೆ 1ರಲ್ಲಿ ಯಾವ ಪ್ರಕ್ರಿಯೆಯಿದೆ, ಯಾವ ಸಂಜ್ಞೆಯಿಂದ ಅದು ನಿಲ್ಲುತ್ತದೆ, ನಿಲ್ಲಲು ಎಷ್ಟು ಸಮಯ ಕೊಡಬೇಕು, ಆರಂಭಕ್ಕೆ ಮುನ್ನ ಯಾವ ಕೋಶಗಳು ಸಿದ್ಧವಿರಬೇಕು, ನಿತ್ಯಕಾರ್ಯಗಳನ್ನು ಯಾರು ನಡೆಸುತ್ತಾರೆ, ಉಳಿಯಬೇಕಾದ ಕಡತಗಳು ಎಲ್ಲಿವೆ ಎಂಬ ಆರು ಅಂಶಗಳನ್ನು ಬಿಂಬದೊಡನೆ ಸರಳ ಕನ್ನಡದಲ್ಲಿ ಬರೆದಿಡುವುದು ಅವಶ್ಯ. ಭದ್ರತೆಯ ತಿದ್ದುಪಡಿಗಳು ಬಿಂಬದೊಳಕ್ಕೆ ತಾನಾಗಿ ಬರುವುದಿಲ್ಲವಾದ್ದರಿಂದ ಅದನ್ನು ಮತ್ತೆ ಕಟ್ಟುವ ಅವಧಿಯನ್ನೂ ನಮೂದಿಸಬೇಕು. ವರ್ಷಕ್ಕೊಮ್ಮೆಯಾದರೂ ಬ್ಯಾಕಪ್ಪಿನಿಂದ ಹೊಸ ಕಂಟೇನರೊಂದನ್ನು ಎಬ್ಬಿಸಿ ನೋಡುವುದು ಈ ಎಲ್ಲದರ ಪರೀಕ್ಷೆ.

ಇನಿಟ್ ಇಲ್ಲದೆ ಪ್ಯಾಕೇಜುಗಳನ್ನು ನಡೆಸಬಹುದು. ಅನೇಕ ಕಡೆ ಹಾಗೆ ನಡೆಸುವುದೇ ಲೇಸು. ಆದರೆ ಇನಿಟ್ ಮಾಡುತ್ತಿದ್ದ ಕೆಲಸ ಇಲ್ಲದಾಗುವುದಿಲ್ಲ, ಅದು ಕೈ ಬದಲಾಯಿಸುತ್ತದೆ. ಯಾರ ಕೈಗೆ ಬಂದಿದೆ ಎಂಬುದು ಬರಹದಲ್ಲಿ ಇಲ್ಲದಿದ್ದರೆ ಅದು ಯಾರ ಕೈಯಲ್ಲಿಯೂ ಇಲ್ಲವೆಂದೇ ಗ್ರಂಥಾಲಯಗಳು ತಿಳಿಯಬೇಕು.